ಗಿಳಿ ಹುಟ್ಟಿಸಿದ ಮುದುಕ

ಊರಿನ ಅರ್ಧದಷ್ಟು ಲಿಫ್ಟುಗಳು ಮಾತಾಡುತ್ತಿದ್ದುದು ಗಿಳಿಯ ಗಂಟಲಿನಲ್ಲಿ. “ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ಸರಿದು ನಿಲ್ಲಿ” ಎಂದು ವಿನಯದಿಂದ ಉಲಿಯುವ ಹೆಂಗಸೂ ಅವನೇ, “ನಿಮ್ಮ ಕರೆ ನಮಗೆ ಅಮೂಲ್ಯ” ಎಂದು ಬ್ಯಾಂಕಿನ ಫೋನಿನಲ್ಲಿ ಜನರನ್ನು ಕಾಯಿಸುವ ಗಂಡಸೂ ಅವನೇ. ಒಮ್ಮೆ ತಾನೇ ಆ ಬ್ಯಾಂಕಿಗೆ ಫೋನ್ ಮಾಡಿ, ತನ್ನ ದನಿಯನ್ನೇ ಕಿವಿ ಕಾಯುವವರೆಗೆ ಕೇಳಿ, ಕೊನೆಗೆ ತನಗೆ ತಾನೇ ಬೈದು ಫೋನಿಟ್ಟಿದ್ದ.

ಗಿಳಿ ಎಂಬ ಹೆಸರನ್ನು ಇಟ್ಟವರು ಅವನ ಸೋದರತ್ತೆ. ಚಿಕ್ಕವನಿದ್ದಾಗ ಅಪ್ಪನ ಕೆಮ್ಮು, ಹಾಲಿನವನ ಕೂಗು, ಹೆಡ್ಮಾಸ್ತರರ ಮೂಗಿನ ಮಾತು, ಎಲ್ಲವನ್ನೂ ಕದ್ದು ತಂದು ಅಡುಗೆಮನೆಯಲ್ಲಿ ಬಿಚ್ಚುತ್ತಿದ್ದ. ಅತ್ತೆ ನಕ್ಕೂ ನಕ್ಕೂ ಸಾಕಾಗಿ, ನಕ್ಕದ್ದಕ್ಕೆ ದಂಡವೆಂಬಂತೆ ಅವನ ಕಿವಿ ಹಿಂಡುತ್ತಿದ್ದರು. ಅವನೂ ಸಾಲ ಉಳಿಸಿಕೊಳ್ಳದೆ ಅವರಿಗೊಂದು ಹೆಸರಿಟ್ಟ: ಬೇರತ್ತೆ. ಬೇರೆ ಅತ್ತೆಯಂದಿರಿಗಿಂತ ಬೇರೆಯಾದ್ದರಿಂದಲೂ ಹೌದು, ಹಗಲೂ ಇರುಳೂ ಬೇರು ಹುಡುಕುತ್ತಿದ್ದುದರಿಂದಲೂ ಹೌದು. ಗಿಡದ ಬೇರಲ್ಲ, ಇಂಗ್ಲಿಷ್ ಪದಗಳ ಬೇರು.

ಅತ್ತೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಆಮೇಲೆ ಲೈಬ್ರರಿಯ ಮಹಡಿಯಲ್ಲಿ ಭಾನುವಾರದ ಒಂದು ಕೂಟ ನಡೆಸುತ್ತಿದ್ದರು. ಸೇರುವವರು ಒಂದಿಷ್ಟು ಹುಚ್ಚರು. ಅವರಲ್ಲಿ ಅಗ್ರಗಣ್ಯ, ಮೂಲೆಯಂಗಡಿಯ ಔಷಧಿ ವ್ಯಾಪಾರಿ. ಅವರಿಗೆ ಅತ್ತೆ ಇಟ್ಟ ಹೆಸರು ಗುಳಿಗೆ. ಕೂಟಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರಾದರೂ ಒಂದು ಪದದ ಬೇರು ಹೇಳಿದರೆ, ತಕ್ಷಣ ಗುಳಿಗೆಯವರು ಇಟ್ಟಿಗೆಯಂಥ ನಿಘಂಟನ್ನು ತೆರೆದು ಸಾಕ್ಷಿ ಓದಬೇಕು. ಸಾಕ್ಷಿ ಕೂಡಿಬಂದರೆ ಸರಿ. ಬಾರದಿದ್ದರೆ ಹೇಳಿದವರು ಎಲ್ಲರೆದುರು ಎದ್ದು ನಿಂತು, “ಇದು ಕಟ್ಟುಕಥೆ, ವಾಪಸ್ ತಗೊಂಡೆ” ಎನ್ನಬೇಕು. ‘ಸಿನ್ಸಿಯರ್’ ಅಂದರೆ ಲ್ಯಾಟಿನ್ನಿನಲ್ಲಿ ಮೇಣವಿಲ್ಲದ್ದು, ಹಿಂದೆ ಶಿಲ್ಪಿಗಳು ಮೂರ್ತಿಯ ಬಿರುಕಿಗೆ ಮೇಣ ತುಂಬಿ ಮೋಸ ಮಾಡುತ್ತಿದ್ದರು ಎಂದು ಸೊಗಸಾಗಿ ಬಿಡಿಸಿ ಹೇಳಿದ ಒಬ್ಬ ನಿವೃತ್ತ ನ್ಯಾಯಾಧೀಶರನ್ನೂ ಅತ್ತೆ ಹಾಗೆ ಎದ್ದು ನಿಲ್ಲಿಸಿದ್ದರು. “ಕಥೆ ಚೆನ್ನಾಗಿದೆ ಸರ್. ಅದೇ ತೊಂದರೆ” ಎಂದಿದ್ದರಂತೆ. ನ್ಯಾಯಾಧೀಶರು ಮತ್ತೆಂದೂ ಆ ಮೆಟ್ಟಿಲು ಹತ್ತಲಿಲ್ಲ.

ಇಂಥ ಅತ್ತೆಗೆ ಒಂದು ಬೆಳಿಗ್ಗೆ ಮಿದುಳಿನಲ್ಲಿ ರಕ್ತ ಕಟ್ಟಿತು. ಬಲಗೈ, ಬಲಗಾಲು ಸೋತವು, ಮಾತು ನಿಂತಿತು. ಆಸ್ಪತ್ರೆಯಿಂದ ಗಿಳಿಯ ಮನೆಗೇ ಬಂದರು. ಬರಬರುತ್ತ ಕೈಗೆ ಜೀವ ಬಂತು, ಕನ್ನಡವೂ ಬಂತು. ತಡವರಿಸುತ್ತ, ಕುಂಟುತ್ತ, ಆದರೂ ಮನೆ ಹುಡುಕಿಕೊಂಡು ಬಂತು. ಇಂಗ್ಲಿಷ್ ಮಾತ್ರ ಬರಲಿಲ್ಲ. ಪದವೂ ಇಲ್ಲ, ಬೇರೂ ಇಲ್ಲ. ಓದೋಣವೆಂದರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತವೆ ಎನ್ನುತ್ತಿದ್ದರು. ಜೀವಮಾನವಿಡೀ ಸಾಕುತ್ತಿದ್ದ ಮಂದೆಯೊಂದು ಬೇಲಿ ಹಾರಿ ಹೋದಂತೆ, ಹಾಸಿಗೆಯ ಮೇಲೆ ಕೂತು ಖಾಲಿ ಗೋಡೆ ನೋಡುತ್ತಿದ್ದರು.

ಮಾತು ಕಲಿಸಲು ಬರುತ್ತಿದ್ದ ಡಾಕ್ಟರಮ್ಮ ಗಿಳಿಯನ್ನು ಪಕ್ಕಕ್ಕೆ ಕರೆದು ಹೇಳಿದರು: “ಬರೀ ಪದ ಕೊಟ್ರೆ ಅವರ ಕೈಗೆ ಸಿಗ್ತಿಲ್ಲ. ಪದಕ್ಕೊಂದು ಹಿಡಿ ಬೇಕು. ಅವರಿಗೆ ಬೇರುಗಳ ಹುಚ್ಚು ಅಂತೀರಲ್ಲ, ಅದನ್ನೇ ಹಿಡಿ ಮಾಡಿ. ಕಥೆ ಹೇಳಿ. ಆದ್ರೆ ಒಂದು ವಿಷ್ಯ. ಪದ ನೀವೇ ಬಾಯಿಗೆ ಹಾಕ್ಬೇಡಿ. ಕಾಯಿರಿ.”

ಗಿಳಿ ಅತ್ತೆಯ ಕಪಾಟಿನಿಂದಲೇ ಬೇರುಗಳ ದಪ್ಪ ನಿಘಂಟನ್ನು ಇಳಿಸಿಕೊಂಡ. ದಿನಾ ಬೆಳಿಗ್ಗೆ, ದನಿ ಕೊಡುವ ಕೆಲಸಕ್ಕೆ ಸ್ಟುಡಿಯೋಗೆ ಹೊರಡುವ ಮುಂಚೆ, ಊಟದ ಮೇಜಿನ ಮೇಲೆ ಪಾಠ. ಮೊದಲ ಪದ ಕಿಟಕಿಯದು. ಉತ್ತರದ ಕಡಲಿನ ನಾವಿಕರು ತಮ್ಮ ಮನೆಯ ಗೋಡೆಗೆ ಬಿಟ್ಟ ತೂತನ್ನು ‘ಗಾಳಿಗಣ್ಣು’ ಎನ್ನುತ್ತಿದ್ದರು, ಅದೇ ಸವೆದು ಇಂಗ್ಲಿಷಿನ ಪದವಾಯಿತು ಎಂದು ನಾವಿಕನ ಒರಟು ದನಿಯಲ್ಲಿ ಹೇಳಿ, ಬಾಯಿಂದ ಗಾಳಿ ಬೀಸಿ ತೋರಿಸಿದ. ಅತ್ತೆಯ ಹುಬ್ಬು ಮೇಲೇರಿತು. ತುಟಿ ನಡುಗಿತು. “ವಿಂ... ವಿಂಡೋ!” ಎಂದು ಹೇಳಿ, ತಾವೇ ಬೆಚ್ಚಿದರು. ಮರುಕ್ಷಣ ಹಳೆಯ ಮೇಷ್ಟರಮ್ಮ ಇಣುಕಿದರು: “ನಮ್ಮ ಗವಾಕ್ಷಿಯಲ್ಲೂ ಕಣ್ಣಿದೆ ಕಣೋ. ಎತ್ತಿನ ಕಣ್ಣು.”

ಗಿಳಿ ಅತ್ತ. ಅತ್ತೆಯೂ ಅತ್ತರು. ಒಳಗಿನಿಂದ ಹೆಂಡತಿ ಇಣುಕಿ, “ಇದೇನು, ಪಾಠ ಮಾಡ್ತಿದೀರಾ, ಈರುಳ್ಳಿ ಹೆಚ್ತಿದೀರಾ?” ಎಂದಳು.

ಹಾಗೆ ಚಮಚ ಬಂತು, ಸ್ಪೂನಿನ ಬೇರಾದ ಮರದ ಚಕ್ಕೆಯ ಹಿಡಿ ಹಿಡಿದು. ತೋಳಿನ ಸ್ನಾಯು ಬಂತು, ‘ಮಸಲ್’ ಪದದ ಲ್ಯಾಟಿನ್ ಬೇರಿನಲ್ಲಿರುವ, ಚರ್ಮದಡಿ ಓಡಾಡುವ ಪುಟ್ಟ ಇಲಿಯ ಬೆನ್ನೇರಿ. ಅಷ್ಟರವರೆಗೆ ಎಲ್ಲವೂ ಅಪ್ಪಟ. ಪ್ರತಿಯೊಂದನ್ನೂ ಗಿಳಿ ನಿಘಂಟು ನೋಡಿಯೇ ಹೇಳಿದ್ದ.

ಆಮೇಲೆ ಸ್ಟುಡಿಯೋದಲ್ಲಿ ಕೆಲಸ ಹೆಚ್ಚಾಯಿತು. ಒಂದು ಬೆಳಿಗ್ಗೆ ಅತ್ತೆ ಬಾಚಣಿಗೆ ಹಿಡಿದು ಕೂತಿದ್ದರು, ಗಿಳಿಗೆ ಹೊತ್ತಾಗಿತ್ತು, ನಿಘಂಟು ಒಳಕೋಣೆಯಲ್ಲಿತ್ತು. ಎದ್ದು ಹೋಗಿ ತರಲು ಮೈ ಭಾರ. ನಾಲಿಗೆ ಮಾತ್ರ ಎಂದಿನಂತೆ ಹಗುರ. ಕುರಿಯ ಉಣ್ಣೆ ಬಿಡಿಸುವ ಒಬ್ಬ ಜಗಳಗಂಟಿ ಹೆಂಗಸನ್ನು ಅಲ್ಲೇ ಹುಟ್ಟಿಸಿ, ಅವಳ ಕೀರಲು ದನಿಯಲ್ಲಿ ಕುರಿಗೆ ಬೈದು, ಅವಳ ಹೆಸರೇ ಬಾಚಣಿಗೆಗೆ ಬಂತೆಂದು ಹೇಳಿಬಿಟ್ಟ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕೋಮ್!” ಎಂದರು, ಹೊಸ ಕಾಸಿನಂತೆ ಖಣಖಣ.

ಸುಳ್ಳು ನಿಜಕ್ಕಿಂತ ಬೇಗ ಕೆಲಸ ಮಾಡಿತ್ತು. ಅದೇ ಅವನನ್ನು ಕೆಡಿಸಿತು.

ಬೀಗದ ಕೈಯ ಸರದಿ ಬಂದಾಗ ಅವನು ನಿಘಂಟು ತೆರೆದದ್ದು ನಿಜ. ಅಲ್ಲಿ ಪದದ ಮುಂದೆ ‘ಮೂಲ ತಿಳಿಯದು’ ಎಂದಷ್ಟೇ ಇತ್ತು. ಹಳೆಯ ಇಂಗ್ಲಿಷಿನವರೆಗೆ ಹೋದ ದಾರಿ ಅಲ್ಲಿಂದಾಚೆ ಮಂಜು. ತಿಳಿಯದು ಎಂಬುದಕ್ಕೆ ಹಿಡಿ ಹಾಕುವುದು ಹೇಗೆ? ಗಿಳಿ ಪುಸ್ತಕ ಮುಚ್ಚಿ, ಗಂಟಲು ಕೆರೆದು, ಒಬ್ಬ ಮುದುಕನನ್ನು ಕರೆದ.

ಮುದುಕ ಯಾವುದೋ ಚಳಿಗಾಲದ ಕಡಲತೀರದ ಊರಿನ ಬಾಗಿಲು ಕಾಯುವವನು. ಹೆಸರು ಕೀ. ಕೊರಳಿಗೆ ದಾರ ಕಟ್ಟಿ ಕಬ್ಬಿಣದ ತುಂಡೊಂದನ್ನು ನೇತುಹಾಕಿಕೊಂಡಿರುತ್ತಿದ್ದ. ಬಾಗಿಲು ತೆರೆಯಬೇಕಾದರೆ ಜನ ‘ಕೀಯನ್ನು ಕರೆಯಿರಿ’ ಎನ್ನುತ್ತಿದ್ದರು. ಅವನು ಸತ್ತ ಮೇಲೆ ಮಗ ಬಾಗಿಲಿಗೆ ನಿಂತ, ಆದರೆ ಜನರಿಗೆ ರೂಢಿ ಬಿಡಲಿಲ್ಲ. ಕಬ್ಬಿಣದ ತುಂಡಿಗೇ ಅಪ್ಪನ ಹೆಸರು ಅಂಟಿಕೊಂಡಿತು. ಇದನ್ನೆಲ್ಲ ಗಿಳಿ ಹೇಳಿದ್ದು ಮುದುಕನ ಕಫ ಕಟ್ಟಿದ ದನಿಯಲ್ಲಿ, ನಡುನಡುವೆ ಒಣಕೆಮ್ಮು ಕೆಮ್ಮುತ್ತ. “ಬಂದೆ, ಬಂದೆ, ಬಾಗಿಲು ಒಡೀಬೇಡ್ರಪ್ಪಾ, ಮರಕ್ಕೆ ನೋವಾಗತ್ತೆ!”

ಅತ್ತೆಗೆ ಮುದುಕ ಬಲು ಹಿಡಿಸಿದ. ಬೆಳಿಗ್ಗೆ ಎದ್ದರೆ ಮೊಳೆಗೆ ನೇತುಹಾಕಿದ ಬೀಗದ ಕೈಯ ಮುಂದೆ ನಿಂತು, “ಎದ್ಯಾ ಮುದುಕಾ? ಕೆಮ್ಮು ಹೇಗಿದೆ?” ಎಂದು ಕೇಳಿ, “ಕೀ” ಎಂದು ಮೆಲ್ಲಗೆ ಹೇಳಿಕೊಂಡು ಸ್ನಾನಕ್ಕೆ ಹೋಗುತ್ತಿದ್ದರು. ಗಿಳಿಯ ಹೆಂಡತಿಗೆ ಅನುಮಾನ ಬಂತು.

“ಏನ್ರೀ, ಆ ಮುದುಕ ಆ ಪುಸ್ತಕದಲ್ಲಿ ಇದಾನಾ?”

“ಪುಸ್ತಕ ಅವನಿಗೆ ಸಣ್ಣದಾಯ್ತು.”

“ತಮಾಷೆ ಬೇಡ. ಅತ್ತೆ ಮೂರು ಪುಸ್ತಕ ತಿರುವಿ ಹಾಕದೆ ಒಂದು ಪದ ನಂಬ್ತಿರ್ಲಿಲ್ಲ. ಈಗ ಅವರ ಹತ್ರ ಇರೋ ಪುಸ್ತಕ ನೀವೊಬ್ರೇ.”

ಗಿಳಿ ಏನೋ ಮಾತು ತೇಲಿಸಿದ. ಆದರೆ ಆ ಮಾತು ಸ್ಟುಡಿಯೋವರೆಗೆ ಅವನ ಬೆನ್ನು ಹತ್ತಿ ಬಂತು, ಸ್ಪಂಜು ಮೆತ್ತಿದ ಆ ಪುಟ್ಟ ಕೋಣೆಯಲ್ಲಿ ಅವನ ಜೊತೆ ಕೂತಿತು. “ದಯವಿಟ್ಟು ಸರಿಯಾದ ಆಯ್ಕೆಯನ್ನು ಒತ್ತಿ” ಎಂಬ ಒಂದು ಸಾಲನ್ನು ಅಂದು ಎಷ್ಟು ಸಲ ತಪ್ಪಿದನೆಂದರೆ, ಗಾಜಿನಾಚೆ ಕೂತ ರೆಕಾರ್ಡಿಂಗ್ ಮಾಡುವವನು, “ಏನು ಗುರುವೇ, ಇವತ್ತು ಗಿಳಿಗೆ ಮೆಣಸಿನಕಾಯಿ ಹಾಕಿಲ್ವಾ?” ಎಂದ.

ಆ ವಾರವೇ ಗುಳಿಗೆಯವರು ಮನೆಗೆ ಬಂದರು. ಅತ್ತೆಯ ಬಾಯಿಂದ ವಿಂಡೋ, ಸ್ಪೂನ್ ಕೇಳಿ ಅವರ ಕನ್ನಡಕ ಮಂಜಾಯಿತು. “ಮೇಡಂ, ಈ ಭಾನುವಾರ ಬನ್ನಿ. ಮಹಡಿ ಹತ್ತಿಸೋಕೆ ನಾವಿದೀವಿ. ನಾಲ್ಕೇ ಪದ. ಮನೆಯೊಳಗಿನ ಪದಗಳು ಅಂತ ಇಟ್ಕೊಳ್ಳೋಣ.”

ಅತ್ತೆ ಬೆರಳು ಮಡಚುತ್ತ ಆರಿಸಿದರು: “ಕಿಟಕಿ. ಚಮಚ. ಬಾಚಣಿಗೆ. ಮತ್ತೆ... ನಮ್ಮ ಮುದುಕ.” ಆಮೇಲೆ ಗುಳಿಗೆಯವರತ್ತ ಎಡಗೈಯ ಬೆರಳು ನೀಡಿ, “ನಿಯಮ... ನಿಯಮಾನೇ. ಸಾಕ್ಷಿ ಓದ್ಬೇಕು. ನಂಗೆ ಕಾಯಿಲೆ ಅಂತ... ಬಿಡಬಾರ್ದು” ಎಂದರು.

“ಬಿಟ್ರೆ ನೀವು ನನ್ನ ಬಿಡ್ತೀರಾ ಮೇಡಂ?”

ಇಬ್ಬರೂ ನಕ್ಕರು. ಗಿಳಿಯ ಕಣ್ಣಿಗೆ ಲೈಬ್ರರಿಯ ಆ ಮಹಡಿ ಕಂಡಿತು: ಅತ್ತೆ ಕಬ್ಬಿಣದ ತುಂಡನ್ನು ಎತ್ತಿ ಹಿಡಿದಿದ್ದಾರೆ, ಮುದುಕನ ಕಥೆ ಹೇಳಿದ್ದಾರೆ, ಗುಳಿಗೆ ಪುಟ ತಿರುವಿ ತಲೆ ತಗ್ಗಿಸಿದ್ದಾರೆ. ಅತ್ತೆ ತಮ್ಮದೇ ನಿಯಮಕ್ಕೆ ತಲೆಬಾಗಿ, ಸೋತ ಕಾಲನ್ನು ಎಳೆದು ಎದ್ದು ನಿಂತು, ಕಟ್ಟುಕಥೆ, ವಾಪಸ್ ತಗೊಂಡೆ, ಎನ್ನುತ್ತಿದ್ದಾರೆ. ತಪ್ಪು ತಮ್ಮ ಮಿದುಳಿನದೆಂದೇ ಅವರು ತಿಳಿಯುತ್ತಾರೆ. ಗಿಳಿಯ ಮೇಲೆ ಅವರಿಗೆ ಅನುಮಾನವೇ ಬರುವುದಿಲ್ಲ.

ಹೇಳಿಬಿಡುವುದು ಬಿಟ್ಟು ಉಳಿದುದನ್ನೆಲ್ಲ ಅವನು ಮಾಡಿದ. ಮೊದಲು ಗುಟ್ಟಾಗಿ ರಿಪೇರಿಗೆ ಹೊರಟ. ನಿಘಂಟು ತೆರೆದು ನೋಡಿದರೆ, ಬಾಚಣಿಗೆಯ ಪದದ ಬೇರಿನಲ್ಲಿ ಇದ್ದದ್ದು ಹಲ್ಲು. ಹಲ್ಲು! ಅಷ್ಟು ಸರಳ, ಅಷ್ಟು ಚೆಂದ, ಕಣ್ಣಿಗೇ ಕಾಣುವಂಥದ್ದು. ಒಳಕೋಣೆಗೆ ಎದ್ದು ಹೋಗುವ ಸೋಮಾರಿತನಕ್ಕೆ ಅದನ್ನು ಕಳೆದು, ಕುರಿಗೆ ಬೈಯುವ ಹೆಂಗಸನ್ನು ತಂದಿದ್ದ. “ಅತ್ತೆ, ಇದಕ್ಕೆ ಇನ್ನೊಂದು ಕಥೆನೂ ಇದೆ, ಹಲ್ಲಿನದು” ಎಂದು ಮೆಲ್ಲಗೆ ತೂರಿಸಲು ನೋಡಿದ. ಅತ್ತೆ ಬಾಚಣಿಗೆಯನ್ನು ನೋಡಿದರು, ಅವನನ್ನು ನೋಡಿದರು. ಎರಡು ಕಥೆಗಳೂ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಲು ಹೋಗಿ ಸಿಕ್ಕಿಕೊಂಡವು. ಪದ ಹೊರಬರಲೇ ಇಲ್ಲ. ಮಾರನೆಯ ದಿನವೂ ಬರಲಿಲ್ಲ. ಅತ್ತೆ ಬಾಚಣಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿ, “ಹೋಯ್ತು. ಇದೂ ಹೋಯ್ತು” ಎಂದು ಬೆರಳಿನಿಂದಲೇ ತಲೆಗೂದಲು ಬಾಚಿಕೊಂಡರು.

ಡಾಕ್ಟರಮ್ಮನನ್ನು ಕೇಳಿದರೆ, “ಹಿಡಿ ಕಿತ್ರೆ ಪಾತ್ರೆ ಬೀಳತ್ತೆ. ಯಾಕೆ ಕೀಳ್ತಿದೀರಿ?” ಎಂದರು.

ಶುಕ್ರವಾರ ಮಧ್ಯಾಹ್ನ, ಸ್ಟುಡಿಯೋದ ಸ್ಪಂಜಿನ ಕೋಣೆಯಲ್ಲಿ ಒಬ್ಬನೇ ಇದ್ದಾಗ ಅವನಿಗೊಂದು ಉಪಾಯ ಹೊಳೆಯಿತು. ಅಂಥ ಉಪಾಯ ಅಂಥವನಿಗೇ ಹೊಳೆಯಬೇಕು. ಫೋನ್ ಎತ್ತಿ ಔಷಧಿ ಅಂಗಡಿಗೆ ಹಚ್ಚಿ, ಕಣ್ಣು ಮುಚ್ಚಿ, ಅತ್ತೆಯ ದನಿ ತೆಗೆದ.

“ಏನ್ರೀ ಗುಳಿಗೆ, ಅಂಗಡೀಲಿ ನೊಣ ಹೊಡೀತಿದೀರಾ?”

ಆ ಕಡೆ ಏನೋ ಬಿದ್ದ ಸದ್ದು. “ಮೇಡಂ?”

“ಮೇಡಮ್ಮೇ. ಕೇಳಿ, ಈ ಭಾನುವಾರ ಆಗಲ್ಲ. ಕೂಟ ಮುಂದಕ್ಕೆ ಹಾಕಿ. ಅಲ್ಲೀವರೆಗೆ ಆ ನಿಘಂಟಿನ ಧೂಳು ಹೊಡೆದಿಡಿ, ಪುಟಕ್ಕೊಂದು ಜಿರಳೆ ಇದೆ.”

ಆ ದೊಡ್ಡ ಮನುಷ್ಯ ಬಿಕ್ಕಿದ್ದು ಕೇಳಿಸಿತು. “ಮೇಡಂ... ಒಂದು ತಡವರಿಕೆ ಇಲ್ಲ. ನಿಮ್ಮ ಹಳೇ ದನಿ ಮೇಡಂ ಇದು! ಇನ್ನೊಂದು ಮಾತಾಡಿ. ಆ ಜಡ್ಜ್ ಸಾಹೇಬ್ರಿಗೆ ಹೇಳಿದ್ರಲ್ಲ, ಸಿನ್ಸಿಯರ್ ಕಥೆ, ಅದು ಹೇಳಿ.”

ಅಲ್ಲಿಗೆ ಫೋನಿಡಬೇಕಿತ್ತು. ಇಡಲಿಲ್ಲ. ದನಿ ಅಷ್ಟು ಚೆನ್ನಾಗಿ ಕೂತಿತ್ತು. ವಾಕ್ಯದ ಕೊನೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಬಿಡುವ ಅತ್ತೆಯ ಆ ರೀತಿ, ಮೂಗಿನಲ್ಲೇ ಮುಗಿಯುವ ಆ ನಗು. ಕಲಾವಿದನ ಹಾಳು ಹೆಮ್ಮೆ ಏರಿತು. “ಸಿನ್ಸಿಯರ್ ಅಂದ್ರೆ ಶುದ್ಧವಾದದ್ದು ಕಣ್ರೀ. ಮೇಣ ಗೀಣ ಏನೂ ಇಲ್ಲ. ಕಥೆ ಚೆನ್ನಾಗಿದೆ, ಅದೇ ತೊಂದರೆ” ಎಂದು ನಕ್ಕು ಫೋನಿಟ್ಟ. ಆ ದನಿಯನ್ನು ಕೇಳಿ ಎಷ್ಟು ದಿನವಾಯಿತೆಂದು ಅವನಿಗೆ ಆಗಲೇ ಹೊಳೆದದ್ದು. ಈಗ ಅದು ಇರುವುದು ತನ್ನ ಗಂಟಲಿನಲ್ಲಿ ಮಾತ್ರ.

ಸಂಜೆ ಅವನು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಗುಳಿಗೆಯವರು ಹೂಗೊಂಚಲು ಹಿಡಿದು ಬಾಗಿಲಲ್ಲಿದ್ದರು. “ಅಂಗಡಿ ಅರ್ಧ ಎಳೆದು ಓಡಿ ಬಂದೆ. ಮೇಡಂ, ಕೂಟ ಮುಂದೆ ಹೋದ್ರೆ ಹೋಗ್ಲಿ, ನಿಮ್ಮ ಮಾತು ಬಂತಲ್ಲ! ಮಧ್ಯಾಹ್ನ ಫೋನಲ್ಲಿ ಏನು ಮಾತಾಡಿದ್ರಿ!”

ಅತ್ತೆ ಅವರನ್ನೇ ನೋಡಿದರು. “ಫೋನಾ? ನಾನು... ಮುಟ್ಟೇ ಇಲ್ಲ.”

ಗುಳಿಗೆಯವರ ಮುಖದ ನಗು ಒಂದೊಂದೇ ದೀಪ ಆರಿಸಿದಂತೆ ಆರಿತು. ಅವರಿಗೆ ಬೇರೆಯೇ ಅನುಮಾನ ಬಂದಿತ್ತು. ಮಗುವಿಗೆ ಹೇಳುವಂತೆ ದನಿ ಇಳಿಸಿದರು. “ಪರವಾಗಿಲ್ಲ ಮೇಡಂ. ಮಾಡಿರ್ತೀರಿ, ಮರೆತಿರ್ತೀರಿ. ಆಗತ್ತೆ. ಅದಕ್ಕೂ ಮಾತ್ರೆ ಇದೆ.”

ಅತ್ತೆಯ ಕಣ್ಣಿನಲ್ಲಿ ಆಗ ಬಂದ ಹೆದರಿಕೆಯನ್ನು ಗಿಳಿ ಅದುವರೆಗೆ ಕಂಡಿರಲಿಲ್ಲ. ಆಸ್ಪತ್ರೆಯಲ್ಲೂ ಕಂಡಿರಲಿಲ್ಲ. ಅವರು ಫೋನಿನತ್ತ ನೋಡಿದರು, ತಮ್ಮ ಕೈಯತ್ತ ನೋಡಿದರು. ಕೊನೆಗೆ ಮನೆಯಲ್ಲಿ ತಾವು ನಂಬುವ ಒಂದೇ ಪುಸ್ತಕದತ್ತ ತಿರುಗಿದರು.

“ಗಿಳೀ. ನಾನು... ಮಾಡಿದ್ನೇನೋ?”

ಹೌದು ಎಂದರೆ ಸಾಕಿತ್ತು. ಒಂದು ತಲೆಯಾಡಿಕೆ ಸಾಕಿತ್ತು. ಭಾನುವಾರ ತಪ್ಪುತ್ತಿತ್ತು, ಮುದುಕ ಬದುಕುತ್ತಿದ್ದ. ಬದಲಿಗೆ ಅತ್ತೆ ತಮ್ಮ ತಲೆಯ ಮೇಲಿನ ನಂಬಿಕೆಯನ್ನೇ ಬಿಟ್ಟುಕೊಡುತ್ತಿದ್ದರು.

“ಇಲ್ಲ ಅತ್ತೆ” ಎಂದ ಗಿಳಿ. “ನೀವಲ್ಲ. ನಾನು. ನಿಮ್ಮ ದನೀಲಿ.”

ಒಳಗೆ ಹೆಂಡತಿ ನಲ್ಲಿ ನಿಲ್ಲಿಸಿದಳು. ಗುಳಿಗೆಯವರು ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಅವುಚಿಕೊಂಡರು. ಅತ್ತೆ ಕುರ್ಚಿಯ ಬೆನ್ನಿಗೆ ಒರಗಿದರು.

“ಮಾಡು.”

“ಏನು ಅತ್ತೆ?”

“ಆ ದನಿ. ಮಾಡು.”

ಗಿಳಿ ಮಾಡಿದ. ‘ಏನ್ರೀ ಗುಳಿಗೆ’ ಎಂಬಲ್ಲಿಂದ ಆ ನಗುವಿನವರೆಗೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು, ಪಕ್ಕದ ಮನೆಯ ಹಾಡು ಕೇಳುವವರ ಹಾಗೆ ತಲೆ ಸ್ವಲ್ಪ ವಾಲಿಸಿ. “ಹೀಗಿದ್ದೆ...” ಎಂದರು. ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ. ಆಮೇಲೆ ಕಣ್ಣು ತೆರೆದು, “ಯಾಕೆ ಮಾಡ್ದೆ? ಈಗ ನಿನ್ನ ದನೀಲಿ ಹೇಳು” ಎಂದರು.

ಅದೇ ಕಷ್ಟವಾದದ್ದು. ಊರಿಗೆಲ್ಲ ದನಿ ಕೊಟ್ಟವನಿಗೆ ತನ್ನದೆಂಬ ದನಿ ಸಣ್ಣಗೆ, ಒಡೆದು, ಯಾರದೋ ಉಳಿದ ಚೂರಿನಂತೆ ಹೊರಬಂತು. ಬಾಚಣಿಗೆಯದು ಸುಳ್ಳು ಎಂದ. ಪುಸ್ತಕ ತರಲು ಸೋಮಾರಿತನವಾಯಿತು ಎಂದ. ಕುರಿಯ ಹೆಂಗಸು ಇಲ್ಲ, ಇರುವುದು ಹಲ್ಲು ಎಂದ. ನೀವು ಎಲ್ಲರೆದುರು ಎದ್ದು ನಿಲ್ಲಬೇಕಾಗುತ್ತದೆಂದು ಹೆದರಿ ಫೋನ್ ಮಾಡಿದೆ ಎಂದ. ಅವನು ಮುಗಿಸಿದ ಮೇಲೆ, ಅತ್ತೆ ಗೋಡೆಯ ಮೊಳೆಯತ್ತ ನೋಡಿದರು.

“ಮುದುಕ?”

“ಪುಸ್ತಕದಲ್ಲಿ ‘ಮೂಲ ತಿಳಿಯದು’ ಅಂತಿದೆ ಅತ್ತೆ.”

“ಅದು ಪದದ ವಿಷ್ಯ. ನಾನು ಕೇಳಿದ್ದು... ಮುದುಕ. ಅವನು ಇಲ್ವಾ?”

“ಇಲ್ಲ.”

“ಎಲ್ಲೂ?”

“ಎಲ್ಲೂ ಇಲ್ಲ ಅತ್ತೆ. ನಾನೇ ಹುಟ್ಟಿಸಿದ್ದು.”

ಅವರು ಬಯ್ಯಲಿಲ್ಲ. ಬೈದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಎದ್ದು, ಗೋಡೆ ಹಿಡಿದು ಮೊಳೆಯ ಹತ್ತಿರ ಹೋಗಿ, ಬೀಗದ ಕೈಯನ್ನು ತೆಗೆದುಕೊಂಡರು. ತಿರುಗಿಸಿ ನೋಡಿದರು. ತುಟಿ ತೆರೆಯಿತು, ಕಾಯಿತು, ಮುಚ್ಚಿತು. ಬೆಳಿಗ್ಗೆಯವರೆಗೆ ಇದ್ದ ಪದ ಅಲ್ಲಿರಲಿಲ್ಲ.

“ಭಾನುವಾರ ಬರ್ತೀನಿ” ಎಂದರು ಗುಳಿಗೆಯವರಿಗೆ, ಬೆನ್ನು ಹಾಕಿಯೇ. “ಹೂ... ನೀರಲ್ಲಿಡಿ.”

ಶನಿವಾರವಿಡೀ ಗಿಳಿಯ ಜೊತೆ ಅವರಿಗೆ ಮಾತಿಲ್ಲ. ಪಾಠ ಹೆಂಡತಿಯ ಜೊತೆ ನಡೆಯಿತು. ಅವಳಿಗೆ ದನಿ ಬದಲಿಸಲು ಬರುತ್ತಿರಲಿಲ್ಲ. ಬಾಚಣಿಗೆಯ ಹಲ್ಲು ತೋರಿಸಿದಳು, ತನ್ನ ಹಲ್ಲು ತೋರಿಸಿದಳು, ಸುಮ್ಮನೆ ಕೂತಳು. ಎಷ್ಟೋ ಹೊತ್ತಿನ ಮೇಲೆ ‘ಕೋಮ್’ ಎಂಬುದು ಒಳಗಿನಿಂದ ಕೇಳಿಸಿತು. ಬಾಗಿಲಾಚೆ ನಿಂತಿದ್ದ ಗಿಳಿ ಗೋಡೆಗೆ ಹಣೆ ಒತ್ತಿದ. ಇನ್ನೊಂದು ಪದ ಮಾತ್ರ ಬರಲಿಲ್ಲ. ಅದಕ್ಕೆ ಹಲ್ಲಿಲ್ಲ, ಕಣ್ಣಿಲ್ಲ, ಇಲಿಯಿಲ್ಲ. ಅದರ ಹಿಂದೆ ಇದ್ದದ್ದು ಮಂಜು ಮಾತ್ರ.

ಭಾನುವಾರ ಲೈಬ್ರರಿಯ ಮಹಡಿಯಲ್ಲಿ ಎಲ್ಲ ಕುರ್ಚಿಗಳೂ ತುಂಬಿದ್ದವು. ಅತ್ತೆ ನಿಂತೇ ಪಾಠ ಮಾಡುತ್ತೇನೆಂದು ಹಟ ಹಿಡಿದು, ಮೇಜಿಗೆ ಆತುಕೊಂಡು ನಿಂತರು. ಕಿಟಕಿಯ ಕಣ್ಣು ಹೇಳಿದರು, ಚಮಚದ ಚಕ್ಕೆ ಹೇಳಿದರು, ಬಾಚಣಿಗೆಯ ಹಲ್ಲು ಹೇಳಿದರು. ಒಂದೊಂದಕ್ಕೂ ಹೊತ್ತು ಹಿಡಿಯಿತು. ಒಂದೊಂದಕ್ಕೂ ಗುಳಿಗೆಯವರು ಸಾಕ್ಷಿ ಓದಿ “ಕೂಡಿಬಂತು ಮೇಡಂ” ಎಂದರು.

ನಾಲ್ಕನೆಯದಕ್ಕೆ ಅತ್ತೆ ಗಿಳಿಯನ್ನು ಕರೆದರು. “ಇವತ್ತಿನ... ಕಟ್ಟುಕಥೆ. ಇವನದು. ಹೇಳು. ಆಟ ಬೇಡ.”

ಗಿಳಿ ಎದ್ದು ನಿಂತು, ಕೆಮ್ಮಿಲ್ಲದೆ, ಕಫವಿಲ್ಲದೆ, ಬರಿಯ ತನ್ನ ದನಿಯಲ್ಲಿ ಮುದುಕನ ಕಥೆ ಹೇಳಿದ. ಹಿಂದಿನ ಸಾಲಿನಿಂದ ಒಬ್ಬರು, “ಅಯ್ಯೋ, ಎಷ್ಟು ಚೆನ್ನಾಗಿದೆಯಲ್ರೀ! ಇದೇ ನಿಜ ಆಗಿದ್ರೆ ಏನಾಗ್ತಿತ್ತು?” ಎಂದರು. ಒಂದಿಬ್ಬರು ಚಪ್ಪಾಳೆಗೂ ಕೈ ಎತ್ತಿದರು. ಜೀವಮಾನದಲ್ಲಿ ಮೊದಲ ಸಲ ಗಿಳಿ ಚಪ್ಪಾಳೆಗೆ ಕೈ ಅಡ್ಡ ಹಿಡಿದ.

“ಇದು ಕಟ್ಟುಕಥೆ” ಎಂದ. “ವಾಪಸ್ ತಗೊಂಡೆ.”

ಅತ್ತೆ ಕಬ್ಬಿಣದ ತುಂಡನ್ನು ಎತ್ತಿ ಹಿಡಿದರು. ಅವರು ಬಾಯಿ ತೆರೆದರು. ಏನೂ ಬರಲಿಲ್ಲ. ಕುರ್ಚಿಯೊಂದು ಕಿರುಗುಟ್ಟಿ ನಿಂತಿತು. ಗಿಳಿಯ ಗಂಟಲಿನಲ್ಲಿ ಆ ಒಣಕೆಮ್ಮು ತಾನಾಗಿ ಎದ್ದು ಬಂತು. ಒಂದು ಸಲ, ಯಾರಿಗೂ ತಿಳಿಯದಷ್ಟು ಮೆಲ್ಲಗೆ ಕೆಮ್ಮಿದರೂ ಅತ್ತೆಗೆ ಪದ ಸಿಗುತ್ತಿತ್ತು. ಅತ್ತೆ ಅವನತ್ತಲೇ ನೋಡುತ್ತಿದ್ದರು. ಬೇಡುವ ನೋಟವಲ್ಲ, ಕಾವಲಿನ ನೋಟ. ಅವನು ಬಾಯಿ ಬಿಗಿದು ನಿಂತ.

“ಕನ್ನಡದಲ್ಲಿ ಬೀಗದ ಕೈ” ಎಂದರು ಅತ್ತೆ ಕೊನೆಗೆ. “ಇಂಗ್ಲಿಷಿನ ಪದ... ಈಗ ನನ್ನ ಹತ್ರ ಇಲ್ಲ. ಅದರ ಬೇರು... ಯಾರ ಹತ್ರಾನೂ ಇಲ್ಲ. ಗುಳಿಗೆ, ಓದಿ.”

ಗುಳಿಗೆಯವರು ಓದಿದರು. ಕಣ್ಣೊರೆಸಿಕೊಂಡು, “ಕೂಡಿಬಂತು ಮೇಡಂ” ಎಂದರು.

ಮನೆಗೆ ಬಂದಾಗ ಬಾಗಿಲಿಗೆ ಬೀಗವಿತ್ತು. ಹೆಂಡತಿ ತವರಿಗೆ ಹೋಗಿದ್ದಳು. ಗಿಳಿ ಜೇಬಿಗೆ ಕೈ ಹಾಕಿ, ಕೂಟದ ಮೇಜಿನ ಮೇಲಿಂದ ಎತ್ತಿಕೊಂಡಿದ್ದ ಬೀಗದ ಕೈ ಹೊರತೆಗೆದ. ತೆರೆಯಲು ಬಾಗಿದವನ ತೋಳಿನ ಮೇಲೆ ಅತ್ತೆಯ ಕೈ ಬಿತ್ತು. ಶುಕ್ರವಾರದಿಂದೀಚೆ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು. ಅಂಗೈ ಅವನ ಮುಂದೆ ಚಾಚಿ ನಿಂತರು. ಕೇಳಿ ತೆಗೆದುಕೊಳ್ಳಬೇಕು, ಹೆಸರು ಹಿಡಿದು ಕೇಳಬೇಕು ಎಂಬ ಹಟ ಆ ಕೈಯಲ್ಲಿತ್ತು. ತುಟಿ ಅಲುಗಿತು.

ಗಿಳಿ ಅದನ್ನು ಎದೆಯ ಮಟ್ಟಕ್ಕೆ, ಅವರಿಗೆ ಕಾಣುವಂತೆ ಹಿಡಿದು ನಿಂತ. ಮೇಲಿನ ಮನೆಯಾಕೆ ತರಕಾರಿ ಚೀಲ ಹೊತ್ತು ಬಂದವಳು ಇವರನ್ನು ನೋಡಿ ನಿಂತಳು.

“ಯಾಕೆ, ಹೊರಗೇ ನಿಂತುಬಿಟ್ರಲ್ಲ? ಬೀಗ ತೆಗೆಯೋಕೆ ಬರ್ತಿಲ್ವಾ?”

“ಬರತ್ತೆ.”

“ಮತ್ತೆ?”

“ಕಾಯ್ತಾ ಇದೀವಿ” ಎಂದ ಗಿಳಿ.

ಅವಳು ಇಬ್ಬರನ್ನೂ ಒಮ್ಮೆ ನೋಡಿ, ಮೆಟ್ಟಿಲು ಹತ್ತಿ ಹೋದಳು. ಅತ್ತೆಯ ಅಂಗೈ ಚಾಚಿಯೇ ಇತ್ತು, ಸ್ವಲ್ಪ ನಡುಗುತ್ತಿತ್ತು. ಅವನು ಇನ್ನೊಂದು ಕೈಯನ್ನು ಅದರ ಕೆಳಗೆ ಆಸರೆಯಾಗಿ ಇಟ್ಟ. ಬಾಯಿ ಮಾತ್ರ ತೆರೆಯಲಿಲ್ಲ.